11 ವರ್ಷದ ಹುಡುಗ, ತೂಕ 52 ಕೆಜಿ, ಎಸ್‌ಜಿಪಿಟಿ 68: ಗೊತ್ತಿರೋರು ಹೇಳಿ, ಮುಂದೇನು?

ಕೇಳಿದವರು: ತಾಯಿ, ದಾವಣಗೆರೆ

ಮಗನಿಗೆ 11 ತುಂಬಿದೆ. ಎತ್ತರ 142 ಸೆಂ.ಮೀ., ತೂಕ 52 ಕೆಜಿ, ಸೊಂಟದ ಸುತ್ತಳತೆ 78 ಸೆಂ.ಮೀ. ಜ್ವರ ಬಂದಿತ್ತು ಅಂತ ರಕ್ತ ಕೊಟ್ಟಾಗ ಲಿವರಿನ ಕಿಣ್ವಗಳಾದ ಎಸ್‌ಜಿಪಿಟಿ 68, ಎಸ್‌ಜಿಒಟಿ 41 ಬಂತು. ಲ್ಯಾಬಿನವರು ಪಕ್ಕದಲ್ಲಿ '45ರವರೆಗೆ' ಅಂತ ಮುದ್ರಿಸಿದ್ದಾರೆ. ಬಿಲಿರುಬಿನ್ ಸರಿ ಇದೆ. ಆಲ್ಕಲೈನ್ ಫಾಸ್ಫಟೇಸ್ 310 ಅಂತ ಕೆಂಪಕ್ಷರದಲ್ಲಿದೆ, ಥೈರಾಯ್ಡಿನ ಟಿಎಸ್‌ಎಚ್ 6.1. ಸ್ಕ್ಯಾನಿಂಗಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್'. ಕತ್ತಿನ ಹಿಂದೆ ಕಪ್ಪಾಗಿದೆ, ಕಡ್ಲೆಹಿಟ್ಟು ಹಚ್ಚಿ ಉಜ್ಜಿದರೂ ಹೋಗ್ತಿಲ್ಲ. ನಮ್ಮತ್ತೆ 'ಬೆಳೆಯೋ ಹುಡುಗ, ಎತ್ತರ ಬಂದ್ರೆ ತಾನೇ ಕರಗುತ್ತೆ' ಅಂತಾರೆ. ಮೈದುನ ಲಿವರ್ ಟಾನಿಕ್ಕು, ಅಮೃತಬಳ್ಳಿ ಕಷಾಯ ಎರಡೂ ತಂದಿಟ್ಟಿದ್ದಾನೆ.

ದಿನದ ಊಟ: ಬೆಳಿಗ್ಗೆ ಮಾಲ್ಟ್ ಪುಡಿ ಹಾಕಿದ ಹಾಲು, ಮೇಲೆ ಎರಡು ಚಮಚ ಸಕ್ಕರೆ. ಶಾಲೆಗೆ 200 ಮಿಲಿ ಮಾವಿನ ಜ್ಯೂಸ್ ಪ್ಯಾಕೆಟ್, ಚಿತ್ರಾನ್ನವೋ ಪಲಾವೋ. ಸಂಜೆ ಟೀ, ನಾಲ್ಕು ಕ್ರೀಮ್ ಬಿಸ್ಕತ್ತು, ಇಲ್ಲಾ ಮಂಡಕ್ಕಿ-ಮಿರ್ಚಿ. ರಾತ್ರಿ ಅನ್ನ ಸಾರು. ಭಾನುವಾರ ಬೆಣ್ಣೆ ದೋಸೆ.

ಮಕ್ಕಳ ವೈದ್ಯೆ, ಮೈಸೂರು

ಮೊದಲು ಆ 45 ಅನ್ನೋ ಗೆರೆ ಬಿಡಿ, ಅದು ದೊಡ್ಡವರದ್ದು. ಅಮೆರಿಕದಲ್ಲಿ ಲಿವರ್ ಕಾಯಿಲೆಯೂ ಬೊಜ್ಜೂ ಇಲ್ಲದ ಮಕ್ಕಳ ರಕ್ತವನ್ನಷ್ಟೇ ಲೆಕ್ಕಕ್ಕೆ ಹಿಡಿದು 2010ರಲ್ಲಿ ಒಂದು ಅಧ್ಯಯನ ಬಂತು. ಗಂಡುಮಕ್ಕಳ ಎಸ್‌ಜಿಪಿಟಿ ಮೇಲ್ಮಿತಿ 26, ಹೆಣ್ಣುಮಕ್ಕಳದ್ದು 22 ಅಂತ ಅದರಲ್ಲಿ ತಿಳಿಯಿತು. 2017ರ ಉತ್ತರ ಅಮೆರಿಕದ ಮಕ್ಕಳ ಲಿವರ್ ಮಾರ್ಗಸೂಚಿ ಇಟ್ಟುಕೊಂಡಿರೋದೂ ಇದೇ ಅಂಕಿ. ಅದರಂತೆ ಹುಡುಗನ ಎಎಲ್‌ಟಿ 52 ಅಥವಾ ಅದಕ್ಕಿಂತ ಮೇಲೆ, ಹುಡುಗಿಯದು 44 ಅಥವಾ ಅದಕ್ಕಿಂತ ಮೇಲೆ ಮೂರು ತಿಂಗಳಾದರೂ ನಿಂತಿದ್ದರೆ ಕಾರಣ ಹುಡುಕಬೇಕು. 80 ದಾಟಿದರೆ ಮೂರು ತಿಂಗಳು ಕಾಯುವ ಹಾಗಿಲ್ಲ. ಎಎಲ್‌ಟಿ ಅಂದರೂ ಎಸ್‌ಜಿಪಿಟಿ ಅಂದರೂ ಒಂದೇ. ನಿಮ್ಮ ಮಗನ 68 'ಸ್ವಲ್ಪ ಜಾಸ್ತಿ' ಅಲ್ಲ, ಅವನ ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು.

ಆದರೆ ಈ 68 ಜ್ವರದ ವಾರದ್ದು. ವೈರಲ್ ಜ್ವರ, ಡೆಂಗಿ, ಕೆಲವು ಔಷಧ, ಎಲ್ಲವೂ ಲಿವರ್ ಕಿಣ್ವಗಳನ್ನು ಏರಿಸುತ್ತವೆ. ಡೆಂಗಿಯಲ್ಲಿ ಸಾಮಾನ್ಯವಾಗಿ ಎಸ್‌ಜಿಒಟಿ ಮೇಲಿರುತ್ತೆ, ಬೊಜ್ಜಿನ ಲಿವರಿನಲ್ಲಿ ಎಸ್‌ಜಿಪಿಟಿ. ನಿಮ್ಮದು ಎರಡನೇ ಬಗೆಯ ಹಾಗೆ ಕಾಣುತ್ತೆ. ಆದರೂ ಜ್ವರ ಬಿಟ್ಟು ನಾಲ್ಕರಿಂದ ಆರು ವಾರ ಆದಮೇಲೆ ಇನ್ನೊಂದು ಸಲ ನೋಡದೆ ತೀರ್ಮಾನ ಬೇಡ.

ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ: 52ನ್ನು 1.42 × 1.42ರಿಂದ ಭಾಗಿಸಿದರೆ 25.8. ದೊಡ್ಡವರ ಕಣ್ಣಲ್ಲಿ ಇದು ಅಷ್ಟೇನೂ ಅಲ್ಲ ಅನ್ನಿಸುತ್ತೆ. ಆದರೆ ಮಗುವಿನ ಬಿಎಂಐಯನ್ನು ವಯಸ್ಸಿನ ಚಾರ್ಟಿನಲ್ಲೇ ಗುರುತು ಮಾಡಬೇಕು. ಭಾರತದ ಮಕ್ಕಳಿಗೆ ಮಕ್ಕಳ ವೈದ್ಯರ ಸಂಘ ಐಎಪಿಯ 2015ರ ಚಾರ್ಟ್ ಇದೆ, 5ರಿಂದ 18 ವರ್ಷದವರದ್ದು. ಅದರಲ್ಲಿ '27 ಸಮಾನ' ಗೆರೆ, ಅಂದರೆ ದೊಡ್ಡವರ ಬಿಎಂಐ 27ಕ್ಕೆ ಸಮನಾದ ಗೆರೆ, ದಾಟಿದರೆ ಬೊಜ್ಜು, ನಿಮ್ಮ ಮಗ ಆ ಗೆರೆಯ ಮೇಲಿದ್ದಾನೆ. ಸೊಂಟ 78, ಎತ್ತರ 142, ಅನುಪಾತ 0.55. ಸೊಂಟ ಎತ್ತರದ ಅರ್ಧ ದಾಟಿತು ಅಂದರೆ ಕೊಬ್ಬು ಹೊಟ್ಟೆಯೊಳಗೆ ಸೇರುತ್ತಿದೆ ಅಂತ ಲೆಕ್ಕ. ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಹಿಡಿಯಿರಿ, ಚಡ್ಡಿಯ ಲಾಡಿ ಕಟ್ಟುವ ಜಾಗದಲ್ಲಲ್ಲ. ಮಗು ಉಸಿರು ಬಿಟ್ಟ ಮೇಲೆ ಓದಿ.

ಕತ್ತಿನ ಕಪ್ಪು ಕೊಳೆ ಅಲ್ಲ, ದಯವಿಟ್ಟು ಉಜ್ಜಬೇಡಿ, ಚರ್ಮ ಒರಟಾಗಿ ಇನ್ನೂ ಕಪ್ಪಾಗುತ್ತೆ. ಇನ್ಸುಲಿನ್ ಇದೆ, ಆದರೆ ಅದರ ಮಾತನ್ನು ದೇಹ ಕೇಳುತ್ತಿಲ್ಲ ಅನ್ನೋದರ ಗುರುತು ಅದು. ಹಾಗಾದಾಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತೆ, ಲಿವರ್ ಸಕ್ಕರೆಯನ್ನು ಕೊಬ್ಬು ಮಾಡಿ ತನ್ನೊಳಗೇ ತುಂಬಿಕೊಳ್ಳುತ್ತೆ. ಕೊಬ್ಬು ತುಂಬಿ ಪೆಟ್ಟಾದ ಜೀವಕೋಶದಿಂದ ಎಎಲ್‌ಟಿ ರಕ್ತಕ್ಕೆ ಸೋರುತ್ತೆ. ಲ್ಯಾಬಿನಲ್ಲಿ ಅಳೆಯೋದು ಆ ಸೋರಿಕೆಯನ್ನು. ಅದಕ್ಕೇ ಎಎಲ್‌ಟಿ ಸರಿ ಬಂದ ಮಾತ್ರಕ್ಕೆ ಲಿವರಿನಲ್ಲಿ ಕೊಬ್ಬಿಲ್ಲ ಅಂತ ಹೇಳೋಕಾಗಲ್ಲ.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಮೇಡಂ ಹೇಳಿದ ಮರುಪರೀಕ್ಷೆಯನ್ನು ಹೇಗೆ ಮಾಡಿಸಬೇಕು ಅನ್ನೋದಷ್ಟೇ ನಾನು ಹೇಳೋದು. ಅರ್ಧ ಗೊಂದಲ ಹುಟ್ಟೋದೇ ಅಲ್ಲಿ.

ಅದೇ ಲ್ಯಾಬ್, ಅದೇ ಹೊತ್ತು. ಎಎಲ್‌ಟಿ ಬೆಳಿಗ್ಗೆಗಿಂತ ಮಧ್ಯಾಹ್ನ ಹೆಚ್ಚು ಬರೋದುಂಟು. ಇನ್ನೊಂದು, ಎಲ್ಲ ಕಿಟ್ಟುಗಳೂ ಒಂದೇ ಅಲ್ಲ. ಈ ಕಿಣ್ವ ಕೆಲಸ ಮಾಡಬೇಕಾದರೆ ಬಿ6 ವಿಟಮಿನ್ನಿನಿಂದ ಬರುವ ಪಿರಿಡಾಕ್ಸಲ್ ಫಾಸ್ಫೇಟ್ ಜೊತೆಗಿರಬೇಕು. ಕೆಲವು ರಿಯೇಜೆಂಟಿನಲ್ಲಿ ಅದನ್ನು ಸೇರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಇಲ್ಲದ ಕಿಟ್ಟಿನಲ್ಲಿ ಅಂಕಿ ಕಡಿಮೆ ಬರುತ್ತೆ. ಈ ತಿಂಗಳು ಒಂದು ಕಡೆ 68, ಮುಂದಿನ ತಿಂಗಳು ಇನ್ನೊಂದು ಕಡೆ 55 ಬಂದರೆ ಲಿವರ್ ಸುಧಾರಿಸಿತೋ ಕಿಟ್ಟು ಬದಲಾಯಿತೋ ಹೇಳೋಕೆ ಆಗಲ್ಲ.

ಎಸ್‌ಜಿಪಿಟಿಗೆ ಉಪವಾಸ ಬೇಕಿಲ್ಲ. ಆದರೆ ಅದೇ ಸೂಜಿಯಲ್ಲಿ ಫಾಸ್ಟಿಂಗ್ ಶುಗರ್, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಲಿವರಿನ ಇನ್ನೊಂದು ಕಿಣ್ವ ಜಿಜಿಟಿ ಕೂಡ ನೋಡಿಸೋದಾದರೆ ರಾತ್ರಿ ಊಟ ಮುಗಿಸಿ 10 ತಾಸು ಬಿಟ್ಟು ಬನ್ನಿ. ನೀರು ಕುಡಿಸಿಕೊಂಡೇ ಬನ್ನಿ, ರಕ್ತನಾಳ ಸುಲಭವಾಗಿ ಸಿಗುತ್ತೆ. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ ಟ್ಯೂಬ್ ಬೇರೆ.

ದಪ್ಪ ಮಕ್ಕಳ ಕೈಯಲ್ಲಿ ನಾಳ ಸಿಗದೆ ಹಿಂಡಿ ತೆಗೆದರೆ ಕೆಂಪು ರಕ್ತಕಣ ಒಡೆಯುತ್ತೆ. ಸೀರಮ್ ಒಣಹುಲ್ಲಿನ ಬಣ್ಣಕ್ಕಿರಬೇಕು, ಗುಲಾಬಿಗೆ ತಿರುಗಿದರೆ ಸ್ಯಾಂಪಲ್ ಕೆಟ್ಟ ಹಾಗೆ. ಒಡೆದ ಕಣದಿಂದ ಎಸ್‌ಜಿಒಟಿ, ಪೊಟ್ಯಾಸಿಯಮ್, ಎಲ್‌ಡಿಎಚ್ ಸುಳ್ಳಾಗಿ ಏರುತ್ತವೆ. ಎಸ್‌ಜಿಪಿಟಿಯೂ ಏರುತ್ತೆ, ಆದರೆ ಕಡಿಮೆ. ರಿಪೋರ್ಟಿನ ಅಡಿಯಲ್ಲಿ 'ಹಿಮೊಲೈಸ್ಡ್' ಅಂತ ಚಿಕ್ಕದಾಗಿ ಬರೆದಿದೆಯೇ ನೋಡಿ, ಬರೆದಿದ್ದರೆ ಮತ್ತೆ ತೆಗೆಯೋಕೆ ಹೇಳಿ.

ಹಿಂದಿನ ಒಂದು ವಾರ ಮಗು ಹೊಸದಾಗಿ ಜೋರಾಗಿ ಓಡಿದ್ದು, ಕಬಡ್ಡಿ ಆಡಿದ್ದು ಇದ್ದರೂ ಕಿಣ್ವ ಏರಿರುತ್ತೆ, ಸ್ನಾಯುವಿನಲ್ಲೂ ಇವೇ ಕಿಣ್ವ ಇರೋದರಿಂದ. ಶಾಲೆಯ ಕ್ರೀಡಾಕೂಟ ಮುಗಿದ ಮರುದಿನ ಪರೀಕ್ಷೆ ಬೇಡ.

ಅಂಕಿ ಹೇಗೆ ಹುಟ್ಟುತ್ತೆ ಗೊತ್ತಿದ್ದರೆ ಭಯ ಕಡಿಮೆ. ಸೀರಮ್ಮಿಗೆ ಅಲನಿನ್, ಆಲ್ಫಾ ಕೀಟೊಗ್ಲುಟಾರೇಟ್ ಹಾಕುತ್ತೇವೆ. ಎಎಲ್‌ಟಿ ಅದನ್ನು ಪೈರುವೇಟ್ ಮಾಡುತ್ತೆ. ಪೈರುವೇಟನ್ನು ಇನ್ನೊಂದು ಕಿಣ್ವ ತಿನ್ನುವಾಗ ಎನ್‌ಎಡಿಎಚ್ ಖರ್ಚಾಗುತ್ತೆ. 340 ನ್ಯಾನೋಮೀಟರಿನ ಬೆಳಕಿನಲ್ಲಿ ಆ ಖರ್ಚಿನ ವೇಗ ಅಳೆಯುತ್ತೇವೆ. ಅಂದರೆ ಇದು ತೂಕವಲ್ಲ, ವೇಗ. ಆರೋಗ್ಯವಂತರಲ್ಲೂ ದಿನದಿಂದ ದಿನಕ್ಕೆ ಸ್ವಲ್ಪ ಏರಿಳಿತ ಇದ್ದೇ ಇದೆ. 68 ಇದ್ದದ್ದು 63 ಆಯಿತು ಅಂತ ಸಿಹಿ ಹಂಚಬೇಡಿ, 72 ಆಯಿತು ಅಂತ ಅಳಲೂ ಬೇಡಿ.

ಮಕ್ಕಳ ಲಿವರ್ ತಜ್ಞ, ಬೆಂಗಳೂರು

ಬೊಜ್ಜು ಕಣ್ಣಿಗೆ ಕಾಣುತ್ತೆ ಅನ್ನೋ ಕಾರಣಕ್ಕೇ ಬೇರೆ ಕಾಯಿಲೆ ತಪ್ಪಿಹೋಗುತ್ತೆ. ದಪ್ಪ ಮಗುವಿಗೂ ಲಿವರಿನಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆ ಬರಬಹುದು. ಎರಡನೇ ಪರೀಕ್ಷೆಯಲ್ಲೂ ಎಎಲ್‌ಟಿ 52 ಅಥವಾ ಮೇಲಿದ್ದರೆ ಹೆಪಟೈಟಿಸ್ ಬಿ ಮತ್ತು ಸಿ, ವಿಲ್ಸನ್‌ಗೆ ಸೆರುಲೊಪ್ಲಾಸ್ಮಿನ್, ದೇಹವೇ ಲಿವರಿನ ಮೇಲೆ ಬೀಳುವ ಕಾಯಿಲೆಗೆ ಆಟೊಇಮ್ಯೂನ್ ಪರೀಕ್ಷೆಗಳು ಮತ್ತು ಐಜಿಜಿ, ಗೋಧಿ ಒಗ್ಗದ ಸೀಲಿಯಾಕ್‌ಗೆ ಟಿಟಿಜಿ, ಇಷ್ಟನ್ನು ನಿಮ್ಮ ವೈದ್ಯರ ಹತ್ತಿರ ಕೇಳಿ. ಸೆರುಲೊಪ್ಲಾಸ್ಮಿನ್ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆ ಬಂದರೆ ತಾಮ್ರದ ಲೆಕ್ಕಕ್ಕೆ 24 ಗಂಟೆಯ ಮೂತ್ರ, ಕಣ್ಣಿನ ಸ್ಲಿಟ್ ಲ್ಯಾಂಪ್ ಪರೀಕ್ಷೆ. ಇತ್ತೀಚೆಗೆ ಕೈಬರಹ ಕೆಟ್ಟಿದೆಯೇ, ಓದಿನಲ್ಲಿ ಹಿಂದೆ ಬಿದ್ದಿದ್ದಾನೆಯೇ ಅನ್ನೋದೂ ವಿಲ್ಸನ್ ಹುಡುಕುವಾಗ ಕೇಳುವ ಪ್ರಶ್ನೆ.

ಗಂಡುಮಕ್ಕಳಲ್ಲಿ ಸ್ನಾಯುವಿನ ಕಿಣ್ವ ಸಿಪಿಕೆ ಒಂದು ಸಲ ಮಾಡಿಸಿ. ಅಗ್ಗದ ಪರೀಕ್ಷೆ. ಡುಶೇನ್ ಸ್ನಾಯು ಕಾಯಿಲೆಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ನೂರಾರು ಇರುತ್ತವೆ, ಲಿವರ್ ಲಿವರ್ ಅಂತ ಅಲೆದಾಡಿದ ಮೇಲೆ ಗೊತ್ತಾಗೋದುಂಟು. ಜಿಜಿಟಿ ಸ್ನಾಯುವಿನಿಂದ ಬರಲ್ಲ. ಎಸ್‌ಜಿಪಿಟಿ ಏರಿ ಜಿಜಿಟಿ ಪೂರ್ತಿ ಸರಿ ಇದ್ದರೆ ಸ್ನಾಯುವಿನ ಕಡೆ ನೋಡಿ. ಮಗು ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಹತ್ತಿದ ಹಾಗೆ ಏಳುತ್ತಾನಾ ಗಮನಿಸಿ.

ಸ್ಕ್ಯಾನಿಂಗಿನ 'ಗ್ರೇಡ್ 1' ನೋಡಿ ಹೆದರೋದೂ ಬೇಡ, ಸಮಾಧಾನ ಪಡೋದೂ ಬೇಡ. ಕೊಬ್ಬು ಕಡಿಮೆ ಇದ್ದಾಗ ಅಲ್ಟ್ರಾಸೌಂಡಿಗೆ ಕಾಣೋದೇ ಇಲ್ಲ, ಯಂತ್ರ ಹಿಡಿದವರ ಕಣ್ಣಿನ ಮೇಲೂ ಗ್ರೇಡ್ ಬದಲಾಗುತ್ತೆ. ಉರಿಯೂತ, ಗಾಯದ ಕಲೆ ಅದರಲ್ಲಿ ತಿಳಿಯಲ್ಲ. ಮಕ್ಕಳಲ್ಲಿ ಫ್ಯಾಟಿ ಲಿವರ್ ಇದೆಯೇ ಅಂತ ಜರಡಿ ಹಿಡಿಯಲು ಇದನ್ನು ಬಳಸಬೇಡಿ ಅಂತಲೇ ಆ 2017ರ ಮಾರ್ಗಸೂಚಿ ಹೇಳುತ್ತೆ. ಪಿತ್ತಕೋಶದ ಕಲ್ಲು, ದೊಡ್ಡದಾದ ಗುಲ್ಮ ನೋಡೋಕೆ ಸರಿ.

ಕೇಳಿದವರು

ಜಿಜಿಟಿ, ಸಿಪಿಕೆ ಎರಡೂ ಮಾಡಿಸ್ತೀನಿ. ಆ 310 ಮತ್ತು ಟಿಎಸ್‌ಎಚ್ ಬಗ್ಗೆ ಯಾರೂ ಹೇಳಲಿಲ್ಲ. ಟಾನಿಕ್ಕು ಕೊಡಬಹುದಾ? ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಗುತ್ತಾ? ಅತ್ತೆ ಅದನ್ನೇ ಕೇಳ್ತಿದ್ದಾರೆ.

ಮಕ್ಕಳ ವೈದ್ಯೆ, ಮೈಸೂರು

310 ಮರೆತುಬಿಡಿ. ಆಲ್ಕಲೈನ್ ಫಾಸ್ಫಟೇಸ್ ಬೆಳೆಯುವ ಮೂಳೆಯಿಂದಲೂ ಬರುತ್ತೆ. 11ರ ಹುಡುಗನಿಗೆ 300, 400 ಸಹಜ. ಕಂಪ್ಯೂಟರ್ ದೊಡ್ಡವರ ಮಿತಿ ಹಿಡಿದು ಕೆಂಪು ಮಾಡಿದೆ. ನಿಜವಾದ 68ಕ್ಕೆ 45ರ ಮಿತಿ, ಸುಳ್ಳು 310ಕ್ಕೆ ಕೆಂಪಕ್ಷರ! ಮಕ್ಕಳ ರಿಪೋರ್ಟಿನಲ್ಲಿ ಇದು ದಿನನಿತ್ಯದ ಕಥೆ.

ಟಿಎಸ್‌ಎಚ್ 5ರಿಂದ 10ರ ನಡುವೆ, ಥೈರಾಯ್ಡ್ ಹಾರ್ಮೋನಾದ ಫ್ರೀ ಟಿ4 ಸರಿ ಇದ್ದರೆ, ಹೆಚ್ಚಾಗಿ ಬೊಜ್ಜಿನಿಂದಾದ ಏರಿಕೆ. ತೂಕ ಹದಕ್ಕೆ ಬಂದರೆ ಅದೂ ಇಳಿಯುತ್ತೆ. ಥೈರಾಯ್ಡಿನಿಂದ ದಪ್ಪಗಾದ ಮಗು ಸಾಮಾನ್ಯವಾಗಿ ಗಿಡ್ಡವಾಗಿರುತ್ತೆ, ನಿಮ್ಮ ಮಗನ ಎತ್ತರ ವಯಸ್ಸಿಗೆ ತಕ್ಕ ಹಾಗಿದೆ. ಮರುಪರೀಕ್ಷೆಯ ಜೊತೆ ಫ್ರೀ ಟಿ4 ಸೇರಿಸಿ ನೋಡಿ, ಈಗಲೇ ಮಾತ್ರೆ ಶುರು ಮಾಡಬೇಡಿ.

ಫಾರ್ಮಸಿಸ್ಟ್, ಶಿವಮೊಗ್ಗ

ಅಮೃತಬಳ್ಳಿ ಕೊಡಲೇಬೇಡಿ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಪ್ರಕಟಿಸಿದರು, ಆಮೇಲೆ ದೇಶದ ಬೇರೆ ಆಸ್ಪತ್ರೆಗಳಿಂದಲೂ ಅಂಥವೇ ವರದಿ ಬಂದವು. ದೇಹದ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ತಿರುಗಿಬೀಳುವ ಬಗೆ ಅದು. ಎಸ್‌ಜಿಪಿಟಿ ಏರಿರುವ ಮಗುವಿಗೆ ಕೊಟ್ಟರೆ ಮುಂದಿನ ಅಂಕಿ ಯಾವ ಕಾರಣಕ್ಕೆ ಏರಿತು ಅಂತ ಯಾರಿಂದಲೂ ಹೇಳೋಕಾಗಲ್ಲ.

ಟಾನಿಕ್ಕಿನ ಬಾಟಲಿ ತಿರುಗಿಸಿ ಓದಿ. ಹೆಚ್ಚಿನವು ಸಿರಪ್ಪು, ಅಂದರೆ ಸಕ್ಕರೆ ಪಾಕ. ಲಿವರಿನ ಕೊಬ್ಬಿಗೆ ಸಕ್ಕರೆ ಬಿಡಿಸಬೇಕು ಅಂತ ಹೇಳಿ ಚಮಚದಲ್ಲಿ ಸಕ್ಕರೆ ಕುಡಿಸೋದು! ಔಷಧಗಳಲ್ಲೂ ಆಸೆ ಇಟ್ಟುಕೊಳ್ಳಬೇಡಿ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 8ರಿಂದ 17 ವರ್ಷದ 173 ಮಕ್ಕಳಿಗೆ ವಿಟಮಿನ್ ಇ, ಮೆಟ್‌ಫಾರ್ಮಿನ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು. ಎಎಲ್‌ಟಿಯನ್ನು ಇಳಿಸಿ ಇಳಿದಲ್ಲೇ ನಿಲ್ಲಿಸೋದರಲ್ಲಿ ಎರಡೂ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ಮಧುಮೇಹ ಇದ್ದರೆ ಮೆಟ್‌ಫಾರ್ಮಿನ್ ಮಾತು ಬೇರೆ.

ಆಹಾರ ತಜ್ಞೆ, ಚಿತ್ರದುರ್ಗ

ಅಕ್ಕ, ನೀವು ಬರೆದ ದಿನಚರಿಯಲ್ಲೇ ಉತ್ತರ ಇದೆ. ಲೆಕ್ಕ ಹಾಕೋಣ. ಹಾಲಿಗೆ ಎರಡು ಚಮಚ ಸಕ್ಕರೆ, ಸುಮಾರು 10 ಗ್ರಾಂ. ಮಾಲ್ಟ್ ಪುಡಿಯಲ್ಲಿ ಮೂರನೇ ಒಂದರಷ್ಟು ಸಕ್ಕರೆಯೇ ಇರೋದುಂಟು, 20 ಗ್ರಾಂ ಹಾಕಿದರೆ ಇನ್ನೊಂದು 6-7. ಮಾವಿನ ಜ್ಯೂಸು 100 ಮಿಲಿಗೆ 12-14 ಗ್ರಾಂ, ಪ್ಯಾಕೆಟ್ಟಿಗೆ 25 ದಾಟಿತು. ಟೀ ಒಂದು ಚಮಚ 5, ನಾಲ್ಕು ಕ್ರೀಮ್ ಬಿಸ್ಕತ್ತು 14-16. ಒಟ್ಟು 60ರ ಆಸುಪಾಸು. ಈ ವಯಸ್ಸಿಗೆ ಮೇಲಿಂದ ಹಾಕಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಅಂತ ಅಮೆರಿಕದ ಹೃದಯ ಸಂಘ ಹೇಳುತ್ತೆ. ಅಷ್ಟನ್ನು ಜ್ಯೂಸ್ ಪ್ಯಾಕೆಟ್ ಒಂದೇ ಮುಗಿಸಿತು.

ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಬಹುಪಾಲು ಕೆಲಸ ಲಿವರಿನ ಪಾಲಿಗೆ ಬರುತ್ತೆ, ಅಲ್ಲೇ ಕೊಬ್ಬಾಗುತ್ತೆ. ಬೆಲ್ಲವೂ ಅದೇ ಕಬ್ಬು, ಅದೇ ಸುಕ್ರೋಸು, ಜೊತೆಗೆ ಚೂರು ಖನಿಜ. ಜೇನೂ ಹಾಗೇ. ಅತ್ತೆಯವರಿಗೆ ಹೇಳಿ, ಬೆಲ್ಲ ಹಬ್ಬದ ಹೋಳಿಗೆಗೆ ಇರಲಿ, ದಿನದ ಹಾಲಿಗೆ ಬೇಡ.

ಇದು ಬರೀ ಉಪದೇಶ ಅಲ್ಲ. ಫ್ಯಾಟಿ ಲಿವರ್ ಇದ್ದ 11ರಿಂದ 16 ವರ್ಷದ 40 ಹುಡುಗರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅರ್ಧ ಹುಡುಗರಿಗೆ ಎಂಟು ವಾರ ಸಕ್ಕರೆಯನ್ನು ಒಟ್ಟು ಕ್ಯಾಲರಿಯ ಶೇ 3ಕ್ಕಿಂತ ಕೆಳಗಿಟ್ಟರು. ಅವರ ಲಿವರಿನ ಕೊಬ್ಬು ಶೇ 25ರಿಂದ 17ಕ್ಕೆ ಇಳಿಯಿತು, ಎಂದಿನಂತೆ ಉಂಡವರದ್ದು 21ರಿಂದ 20. ಅಲ್ಲಿ ಗಮನಿಸಬೇಕಾದ್ದು, ಇಡೀ ಮನೆಯ ಅಡುಗೆಯನ್ನೇ ಬದಲಿಸಿದ್ದರು, ಹುಡುಗನೊಬ್ಬನ ತಟ್ಟೆಯನ್ನಲ್ಲ. ಅಪ್ಪ ಎದುರಿಗೆ ಕೋಲಾ ಕುಡಿದರೆ ಮಗ ಬಿಡಲ್ಲ.

ಶುರು ಜ್ಯೂಸಿನಿಂದ ಮಾಡಿ, ನಾಳೆಯಿಂದಲೇ ಪೂರ್ತಿ ಬಂದ್. ಬದಲು ನೀರು, ಉಪ್ಪು-ಜೀರಿಗೆ ಮಜ್ಜಿಗೆ. ಮನೆಯಲ್ಲಿ ಹಿಂಡಿದ ಹಣ್ಣಿನ ರಸವೂ ಬೇಡ, ಇಡೀ ಹಣ್ಣು ತಿನ್ನಲಿ. ಹಾಲಿನ ಸಕ್ಕರೆಯನ್ನು ಮಾತ್ರ ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆಗೆ ಗೊತ್ತಾಗದ ಹಾಗೆ. ಮಾಲ್ಟ್ ಡಬ್ಬ ಮುಗಿದ ಮೇಲೆ ತರಬೇಡಿ. ಕ್ರೀಮ್ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಹುರಿಗಡಲೆ ಅಥವಾ ಹೆಸರುಕಾಳು ಉಸಲಿ, ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಮೊಟ್ಟೆ.

ಮಂಡಕ್ಕಿ ಇರಲಿ, ತೊಂದರೆ ಮಿರ್ಚಿಯದ್ದು. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಶೇಂಗಾ ಒಂದು ಚಮಚ ಹಾಕಿ ಕೊಡಿ. ಬೆಣ್ಣೆ ದೋಸೆ ಬೇಡ ಅಂದರೆ ದಾವಣಗೆರೆಯಲ್ಲಿ ಯಾರೂ ನನ್ನ ಮಾತು ಕೇಳಲ್ಲ! ತಿಂಗಳಿಗೆರಡು ಸಲ, ಒಂದು ಪ್ಲೇಟು, ಮೇಲೆ ಬೆಣ್ಣೆ ಕೇಳದೆ. ಚಿತ್ರಾನ್ನದ ಡಬ್ಬಿಯಲ್ಲಿ ಅರ್ಧ ಅನ್ನ, ಅರ್ಧ ಪಲ್ಯ ಮತ್ತು ಕಾಳು. ರಾತ್ರಿ ಜೋಳದ ರೊಟ್ಟಿ ಒಂದೂವರೆ, ಗಟ್ಟಿ ಬೇಳೆ, ಸೊಪ್ಪಿನ ಪಲ್ಯ, ಆಮೇಲೆ ಬೇಕಿದ್ದರೆ ಅನ್ನ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ, ಕ್ಯಾನಿನ ಮೇಲೆ ತೆರೆದ ತಾರೀಕು ಬರೆದಿಡಿ.

ಉಪವಾಸ ಹಾಕಬೇಡಿ, ಒಂದು ಹೊತ್ತು ಬಿಡಿಸಬೇಡಿ. ತೂಕ ಧಡಕ್ಕನೆ ಇಳಿದರೆ ಕೊಬ್ಬು ಒಮ್ಮೆಲೇ ಲಿವರಿಗೆ ಹರಿದು ಎಎಲ್‌ಟಿ ಇನ್ನೂ ಏರಬಹುದು, ಎತ್ತರಕ್ಕೂ ಪೆಟ್ಟು.

ದೈಹಿಕ ಶಿಕ್ಷಣ ಶಿಕ್ಷಕ, ರಾಣೆಬೆನ್ನೂರು

ದಿನಕ್ಕೆ 60 ನಿಮಿಷ ಅನ್ನೋದು ಗುರಿ. ಶುರುವಿಗೆ ಬೆಳಿಗ್ಗೆ 15, ಸಂಜೆ 15, ವಾರವಾರ ಐದೈದು ಏರಿಸಿ. ಆಡುವಾಗ ಮಾತಾಡೋಕೆ ಬರಬೇಕು, ಹಾಡೋಕೆ ಬರಬಾರದು, ಅಷ್ಟು ಏದುಸಿರು ಸಾಕು. ಭಾರದ ಮಕ್ಕಳಿಗೆ ಓಟದ ಸ್ಪರ್ಧೆ ಇಟ್ಟರೆ ಕೊನೆಗೆ ಬರುತ್ತಾರೆ, ಮರುದಿನ ಬರೋದೇ ಇಲ್ಲ. ಈಜು, ಸೈಕಲ್, ಬ್ಯಾಡ್ಮಿಂಟನ್ ಒಳ್ಳೆಯದು. ತ್ರೋ, ಶಾಟ್‌ಪುಟ್ ಕೊಡಿ, ಅಲ್ಲಿ ಅವನೇ ಗೆಲ್ಲುತ್ತಾನೆ. ಮೊಬೈಲು, ಟಿವಿ ಸೇರಿ ಎರಡು ತಾಸಿನೊಳಗೆ.

ತೊಡೆಸಂದು ಅಥವಾ ಮಂಡಿ ನೋವು ಅಂತ ಕುಂಟಿದರೆ 'ಉಳುಕಿದೆ' ಅಂತ ಎಣ್ಣೆ ತಿಕ್ಕಿಸಬೇಡಿ. ಈ ವಯಸ್ಸಿನ ದಪ್ಪ ಮಕ್ಕಳಲ್ಲಿ ತೊಡೆಮೂಳೆಯ ತಲೆ ಜಾರುವ ತೊಂದರೆ ಇದೆ, ನೋವು ಮಂಡಿಯಲ್ಲಿ ಕಾಣಿಸಿಕೊಳ್ಳೋದುಂಟು. ಅದೇ ದಿನ ನಡೆಸದೆ ಕರೆದೊಯ್ದು ಸೊಂಟದ ಎಕ್ಸ್‌ರೇ ತೆಗೆಸಿ.

ತಂದೆ, ದುಬೈ

ಅಂತರ್ಜಾಲದಲ್ಲಿ ಪ್ಯಾರಾಆಕ್ಸೊನೇಸ್, ಕೋಲಿನೆಸ್ಟರೇಸ್ ಅನ್ನೋ ಕಿಣ್ವಗಳೂ ಬೊಜ್ಜಿನ ಮಕ್ಕಳಲ್ಲಿ ಬದಲಾಗುತ್ತವೆ ಅಂತ ಓದಿದೆ. ಅವನ್ನೂ ಮಾಡಿಸಬೇಕಾ?

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ

ಬೇಡ ಸರ್. ಕೋಲಿನೆಸ್ಟರೇಸ್ ಲಿವರಿನಲ್ಲೇ ತಯಾರಾಗುತ್ತೆ, ಬೊಜ್ಜಿನಲ್ಲಿ ಏರುತ್ತೆ ಅನ್ನೋದು ನಿಜ. ನಮ್ಮ ಕಡೆ ಆ ಪರೀಕ್ಷೆ ಬರೆಯೋದು ಕೀಟನಾಶಕ ಮೈಗೆ ಹೋದಾಗ, ಆಗ ಅದು ಕುಸಿದಿರುತ್ತೆ. ಪ್ಯಾರಾಆಕ್ಸೊನೇಸ್ ಸಂಶೋಧನೆಯ ಮಟ್ಟದ್ದು. ಎರಡರಲ್ಲೂ ಮಗುವಿನ ಚಿಕಿತ್ಸೆ ನಿರ್ಧರಿಸುವಂಥ ಒಪ್ಪಿತ ಗೆರೆ ಇಲ್ಲ. ಆ ದುಡ್ಡಿಗೆ ಲಿಪಿಡ್ ಪ್ರೊಫೈಲ್ ಮಾಡಿಸಿ. ಹತ್ತು ದಾಟಿದ ಮಕ್ಕಳಲ್ಲಿ ಟ್ರೈಗ್ಲಿಸರೈಡ್ 130 ಮುಟ್ಟಿದರೆ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 40ಕ್ಕಿಂತ ಕೆಳಗಿದ್ದರೆ ಕಡಿಮೆ. ದೊಡ್ಡವರ 150 ಇಲ್ಲೂ ಹಿಡಿಯಬೇಡಿ.

ಮಕ್ಕಳ ವೈದ್ಯೆ, ಮೈಸೂರು

ಅತ್ತೆಯವರ 'ಎತ್ತರ ಬಂದರೆ ಕರಗುತ್ತೆ' ಅನ್ನೋದರಲ್ಲಿ ಅರ್ಧ ಸತ್ಯ ಇದೆ, ಆದರೆ ಒಂದು ಷರತ್ತು: ತೂಕ ನಿಲ್ಲಬೇಕು. ಮುಂದಿನ ಒಂದು ವರ್ಷ 52 ಕೆಜಿಯಲ್ಲೇ ನಿಂತು ಎತ್ತರ 148 ಆದರೆ ಬಿಎಂಐ 25.8ರಿಂದ 23.7ಕ್ಕೆ ಬರುತ್ತೆ, ಒಂದು ಕೆಜಿಯನ್ನೂ ಇಳಿಸದೆ. ಈಗಿನ ಗತಿಯಲ್ಲೇ ತೂಕವೂ ಏರಿದರೆ ಎತ್ತರದಿಂದ ಏನೂ ಬದಲಾಗಲ್ಲ. ತಿಂಗಳಿಗೊಮ್ಮೆ, ಅದೇ ತಕ್ಕಡಿ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದಮೇಲೆ ತೂಕ ನೋಡಿ. ದಿನಾ ನಿಲ್ಲಿಸಬೇಡಿ, ಎದುರಿಗೆ 'ಡುಮ್ಮ' ಅನ್ನಬೇಡಿ.

ಮರುಪರೀಕ್ಷೆ ಆದ ಮೂರು ತಿಂಗಳಿಗೆ ಎಎಲ್‌ಟಿ ಇನ್ನೊಮ್ಮೆ. ಇಳಿಮುಖ ಇದ್ದರೆ ಇದೇ ದಾರಿ. ಎಚ್‌ಬಿಎ1ಸಿ 5.7 ಮುಟ್ಟಿದ್ದರೆ, ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವಂತಿದ್ದರೆ ಮುಂಚೆಯೇ ಬನ್ನಿ. ಕಣ್ಣು ಹಳದಿ, ಕಪ್ಪು ಮಲ, ಹೊಟ್ಟೆ ಊತ ಕಂಡರೆ ಅದೇ ದಿನ. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಆಗಿದೆಯೇ ಕಾರ್ಡ್ ತೆಗೆದು ನೋಡಿ. ಎ ಲಸಿಕೆ ಸರ್ಕಾರಿ ಪಟ್ಟಿಯಲ್ಲಿ ಇಲ್ಲದ್ದರಿಂದ ಬಹಳ ಮಕ್ಕಳಿಗೆ ಬಿಟ್ಟುಹೋಗಿರುತ್ತೆ.

ಮನೆಯಲ್ಲಿ ಅಣ್ಣ ತಂಗಿ ಇದ್ದು ಅವರೂ ದಪ್ಪಗಿದ್ದರೆ ಅದೇ ಸಲ ಕರೆತನ್ನಿ. ತಂಗಿಯಾದರೆ ಮಿತಿ 26 ಅಲ್ಲ, 22.